ಕಡಬದವರ ಕಣ್ಣಿಗೆ ಇಟ್ಟ ಬಿಲ್ಲೆ

ಆಗ ನನಗೆ ಮೂವತ್ತೇಳು. ಅದಾಗಿ ನಲವತ್ತು ವರ್ಷದ ಮೇಲಾಯಿತು. ತುಮಕೂರಿನ ಒಂದು ಆಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ಆಯಾ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ನನ್ನ ಓದು ಮೂರನೇ ಕ್ಲಾಸಿಗೇ ನಿಂತದ್ದು. ದೊಡ್ಡ ಮಾತು ಬರೆಯಲು ಬರುವುದಿಲ್ಲ, ನಡೆದದ್ದನ್ನು ಬರೆಯುತ್ತೇನೆ.

ಕಣ್ಣಿನೊಳಗೆ ಪ್ರೆಷರ್ ಏರುವ ಕಾಯಿಲೆ ಒಂದಿದೆ, ಗ್ಲಾಕೋಮಾ ಅನ್ನುತ್ತಾರೆ. ನೋವಿಲ್ಲ, ಕೆಂಪಿಲ್ಲ, ಕೀವಿಲ್ಲ. ಕಣ್ಣಿನೊಳಗಿನ ನೀರು ಹೊರಗೆ ಹೋಗುವ ದಾರಿ ಕಟ್ಟಿಕೊಂಡು ಒತ್ತಡ ಏರುತ್ತದೆ, ಹಿಂದಿನ ನರ ಸಾಯುತ್ತಾ ಬರುತ್ತದೆ. ನೋಟ ಅಂಚಿನಿಂದ ಕತ್ತಲಾಗುತ್ತಾ ಬಂದು ನಡುವೆ ಒಂದು ಕಿಂಡಿ ಉಳಿಯುತ್ತದೆ. ಆಮೇಲೆ ಅದೂ ಮುಚ್ಚುತ್ತದೆ. ಹೋದ ನೋಟ ಯಾವ ಔಷಧಕ್ಕೂ ವಾಪಸ್ಸು ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ. ಅದಕ್ಕೆ ಆಗ ನಮ್ಮಲ್ಲಿ ಇದ್ದದ್ದು ಪೈಲೋಕಾರ್ಪಿನ್ ಎಂಬ ಹನಿ. ದಿನಕ್ಕೆ ನಾಲ್ಕು ಸಲ, ಬದುಕಿರುವ ತನಕ ಬಿಡಬೇಕು.

ಕಡಬದ ಕೆರೆಯ ನೀರುಗಂಟಿ ಒಬ್ಬ ನಮ್ಮ ವಾರ್ಡಿಗೆ ಬರುತ್ತಿದ್ದ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಅರವತ್ತರ ಹತ್ತಿರದವನು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣು ಉಳಿಸಬೇಕಿತ್ತು.

"ಹನಿ ಬಿಡ್ತಿದೀಯೇನಯ್ಯಾ?" ಅಂತ ಡಾಕ್ಟರು ಕೇಳಿದರು.

"ಬಿಡ್ತೀನಿ ಸ್ವಾಮಿ. ಕಣ್ಣಿಗೆ ಬೀಳಲ್ಲ."

"ಮತ್ತೆಲ್ಲಿ ಬೀಳುತ್ತೆ?"

"ಕೆನ್ನೆ ಮ್ಯಾಲೆ. ಕೈ ನಡುಗ್ತದೆ. ಹಗಲೆಲ್ಲ ಏರಿ ಮ್ಯಾಲಿರ್ತೀನಿ. ಸೀಸೆ ಸೊಂಟದಾಗೆ ಸಿಗಿಸ್ಕಂಡು ಹೋದೆ, ಬಿಸಿಲಿಗೆ ಕಾದು ಬರೀ ನೀರಾಗೋಯ್ತು."

"ಅದು ಮೊದಲಿಂದಲೂ ನೀರಿನ ಥರಾನೇ ಇರೋದು ಕಣಯ್ಯ."

"ನೀರೇ ಆದ್ರೆ ನಮ್ ಕೆರೇಲೇ ಐತಲ್ಲ ಸ್ವಾಮಿ. ತುಮಕೂರಿಗ್ಯಾಕೆ ಬರ್ಬೇಕು?"

ಡಾಕ್ಟರು ನಗಲಿಲ್ಲ. ಅವನ ಹೆಂಡತಿಯನ್ನು ಕರೆದು, "ನೀನಾದ್ರೂ ಬಿಡಮ್ಮ" ಅಂದರು.

"ನಾನು ತೆಂಗಿನ ಗರಿ ಹೆಣೆಯಾಕೆ ಹೋಗ್ತೀನಿ ಸ್ವಾಮಿ. ಇವನ ಕಣ್ಣು ಕಾಯ್ತಾ ಕೂತ್ರೆ ಹೊಟ್ಟೆ ಕಾಯೋರ್ಯಾರು?" ಅಂದಳು ಆಕೆ.

ಇಂಥವರು ಗುಬ್ಬಿ ಕಡೆಯಿಂದ ಬಹಳ ಜನ ಬರುತ್ತಿದ್ದರು. ಹೀಗಿರುವಾಗ, ಔಷಧ ತಯಾರಿಕೆ ಕಲಿಸುವ ಕಾಲೇಜಿನ ಮೇಡಂ ಒಬ್ಬರು ಡಾಕ್ಟರನ್ನು ನೋಡಲು ಬಂದರು. ಹನಿ ಬೇಡ, ಔಷಧ ಬೆರೆಸಿದ ಬಿಲ್ಲೆ ಮಾಡೋಣ, ಅದನ್ನು ಕೆಳರೆಪ್ಪೆಯ ಒಳಗೆ ಇಟ್ಟರೆ ಕಣ್ಣೀರಿನಲ್ಲಿ ತಾನೇ ಕರಗುತ್ತಾ ಮೂರು ದಿನ ಔಷಧ ಬಿಡುತ್ತದೆ, ತೆಗೆಯುವ ಕೆಲಸವೇ ಇಲ್ಲ, ಇದು ಅವರ ಲೆಕ್ಕಾಚಾರ. ಡಾಕ್ಟರು ಒಪ್ಪಿ, ವಾರ್ಡಿನ ಹಿಂದಿನ ಬಟ್ಟೆ ಕೋಣೆಯನ್ನು ಖಾಲಿ ಮಾಡಿಸಿಕೊಟ್ಟರು. ಕೈಕೆಲಸಕ್ಕೆ ನನ್ನನ್ನು ಹಾಕಿದರು.

ಜೆಲಟಿನ್ ಪುಡಿಯನ್ನು ನೀರಿನಲ್ಲಿ ನೆನೆಹಾಕಬೇಕು. ಉಬ್ಬಿದ ಮೇಲೆ ಪಾತ್ರೆಯನ್ನು ಬಿಸಿನೀರಿನೊಳಗೆ ಇಟ್ಟು ಕರಗಿಸಬೇಕು. ನೇರ ಬೆಂಕಿಗೆ ಇಟ್ಟರೆ ಕೆಟ್ಟಿತು. ಬಿಲ್ಲೆ ಮೆತ್ತಗಿರಲೆಂದು ಗ್ಲಿಸರಿನ್ ಹಾಕಬೇಕು, ಆಮೇಲೆ ಮೇಡಂ ತೂಗಿ ಕೊಟ್ಟ ಔಷಧ. ಗುಳ್ಳೆ ಏಳದ ಹಾಗೆ ತಿರುವಿ, ಮಟ್ಟವಾಗಿ ಇಟ್ಟ ಗಾಜಿನ ಮೇಲೆ ಸುರಿದರೆ ಮಾರನೇ ದಿನ ಒಣಗಿ ಹಪ್ಪಳದ ಹಾಗೆ ಏಳುತ್ತದೆ. ಹಿತ್ತಾಳೆಯ ಸಣ್ಣ ಕೊಳವೆಯಿಂದ ಒತ್ತಿದರೆ ಬಿಲ್ಲೆ ಬೀಳುತ್ತದೆ. ತೊಗರಿಬೇಳೆಯಷ್ಟು ಅಗಲ, ಈರುಳ್ಳಿ ಸಿಪ್ಪೆಯಷ್ಟು ತೆಳು.

ಹಾಗೆಯೇ ಕಣ್ಣಿಗೆ ಇಟ್ಟರೆ ಅದು ಒಂದು ಗಂಟೆಯೂ ನಿಲ್ಲುವುದಿಲ್ಲ. ಅದಕ್ಕೆ ಗಟ್ಟಿ ಮಾಡಬೇಕು. ಜಾಡಿಯ ತಳದಲ್ಲಿ ಫಾರ್ಮಲಿನ್ ಎಂಬ ಘಾಟು ದ್ರವ, ಮೇಲೆ ಜಾಲರಿಯಲ್ಲಿ ಬಿಲ್ಲೆ, ಬಾಯಿಗೆ ಮುಚ್ಚಳ. ಫಾರ್ಮಲಿನ್ ಆವಿ ಕುಡಿದು ಬಿಲ್ಲೆ ಬಿಗಿಯಾಗುತ್ತದೆ. ಎಲ್ಲ ಗುಟ್ಟು ಇರುವುದು ಇಲ್ಲಿಯೇ. ಕಡಿಮೆ ಹೊತ್ತು ಇಟ್ಟರೆ ಬೇಗ ಕರಗುತ್ತದೆ. ಹೆಚ್ಚು ಹೊತ್ತು ಇಟ್ಟರೆ ಕತ್ತರಿಸಿದ ಉಗುರಿನ ಹಾಗಾಗಿ ಕಣ್ಣಿಗೆ ಚುಚ್ಚುತ್ತದೆ. ಆವಿ ಹೋಗುವ ತನಕ ಗಾಳಿಗೆ ಹರಡಿ, ತೊಳೆದು, ಮತ್ತೆ ಒಣಗಿಸಿ, ಕ್ರಿಮಿ ಸಾಯಲೆಂದು ನೇರಳೆ ದೀಪದ ಪೆಟ್ಟಿಗೆಯಲ್ಲಿ ಇಡಬೇಕು.

ಮೊದಲ ಸಲದ ಬಿಲ್ಲೆಗಳನ್ನು ಇರುವೆ ತಿಂದವು. ಎರಡನೇ ಸಲ ಸೆಕೆಗೆ ಬೆವೆತು ಒಂದಕ್ಕೊಂದು ಅಂಟಿಕೊಂಡವು. ಆಮೇಲಿನವುಗಳಲ್ಲಿ ಫಾರ್ಮಲಿನ್ ಉಳಿದುಹೋಗಿ, ಪರೀಕ್ಷೆಗೆಂದು ಮೇಡಂ ಸಾಕಿದ್ದ ಮೊಲಗಳ ಕಣ್ಣು ಬೆಂಕಿಯಾಯಿತು. ಕೋಣೆಯಲ್ಲಿ ಕೆಲಸ ಮಾಡುತ್ತಾ ನನ್ನ ಕಣ್ಣು ಮೂಗು ಸುರಿಯುತ್ತಲೇ ಇರುತ್ತಿತ್ತು. ಶೆಟ್ಟಿಹಳ್ಳಿಯ ಮನೆಗೆ ಹೋದರೆ ನೆರೆಯವಳು, "ಯಾರು ಸತ್ರೇ? ದಿನಾ ಅಳ್ತಾ ಬರ್ತೀಯ" ಅಂತ ಕೇಳುತ್ತಿದ್ದಳು.

ಕೊನೆಗೊಂದು ಹದ ಸಿಕ್ಕಿತು. ಮೊಲಗಳಿಗೆ ಏನೂ ಆಗಲಿಲ್ಲ. ಆದರೆ ಮೊಲಕ್ಕೆ ಬಾಯಿಲ್ಲ. ಮೇಡಂ ಔಷಧವಿಲ್ಲದ ಬಿಲ್ಲೆಯೊಂದನ್ನು ತಮ್ಮ ಕಣ್ಣಿಗೆ ಇಟ್ಟುಕೊಂಡರು, ನನಗೂ ಒಂದು ಇಟ್ಟರು. ಕಸ ಬಿದ್ದ ಹಾಗಿತ್ತು. ಉಜ್ಜಬೇಡ ಅಂದರು. ಸ್ವಲ್ಪ ಹೊತ್ತಿಗೆ ನೆನೆದು ಮೆತ್ತಗಾಯಿತು. ಆಮೇಲೆ ಮರೆತುಹೋಯಿತು.

ಇಡುವ ಕೆಲಸ ನನಗೇ ಬಂತು. ಮೂರು ದಿನಕ್ಕೊಮ್ಮೆ ಬೆಳಗಿನ ಬಸ್ಸಿಗೆ ಗುಬ್ಬಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ಛತ್ರದ ಜಗಲಿಯಲ್ಲಿ ಕೂತರೆ ಕಡಬದವರು, ನಿಟ್ಟೂರಿನವರು ಬರುತ್ತಿದ್ದರು. ಒಪ್ಪಿದವರಿಗೆ ಮಾತ್ರ. ಕೆಳರೆಪ್ಪೆ ಎಳೆದು, ಮೇಲೆ ನೋಡು ಅಂದು, ಚಿಮುಟದಿಂದ ಬಿಲ್ಲೆಯನ್ನು ಒಳಗೆ ಜಾರಿಸುವುದು. ಶನಿವಾರ ಡಾಕ್ಟರು ಬಂದು, ಕಣ್ಣು ಮರಗಟ್ಟುವ ಹನಿ ಬಿಟ್ಟು, ಗುಡ್ಡೆಯ ಮೇಲೆ ಸಣ್ಣ ಲೋಹದ ಯಂತ್ರ ಕೂರಿಸಿ ಪ್ರೆಷರ್ ನೋಡುತ್ತಿದ್ದರು.

ಮೊದಲ ಕೆಲವು ವಾರ ಎಲ್ಲರಿಗೂ ಇಳಿಯಿತು. ನೀರುಗಂಟಿಗೂ ಇಳಿಯಿತು. ಆ ಶನಿವಾರ ಡಾಕ್ಟರು ನನಗೂ ಕಾಫಿ ತರಿಸಿದರು.

ಆಮೇಲೆ ಕಡಬದವರಿಗೆ ಏರತೊಡಗಿತು. ನಿಟ್ಟೂರಿನವರಿಗೆ ಸರಿಯಿದೆ, ಕಡಬದವರಿಗೆ ಇಲ್ಲ. ಒಂದೇ ಗಾಜಿನ ಮೇಲೆ ಸುರಿದು ಮಾಡಿದ ಬಿಲ್ಲೆ, ಇಡುವ ಕೈ ಒಂದೇ. ಡಾಕ್ಟರು ನನ್ನ ಮುಖ ನೋಡಿದರು. "ನಾನು ಊರು ನೋಡಿ ಇಡಲ್ಲ ಸಾರ್" ಅಂದೆ.

ಮೇಡಂ ಯೋಚನೆ ಮಾಡಿ ಒಂದು ಕಾರಣ ಹೇಳಿದರು. ಕಡಬದವರು ಕೆರೆ ಗಾಳಿಯಲ್ಲಿ, ಬಿಸಿಲಿನಲ್ಲಿ ಇರುವವರು. ಕಣ್ಣೀರು ಹೆಚ್ಚು ಸುರಿದು ಬಿಲ್ಲೆ ಬೇಗ ಕರಗಿಹೋಗುತ್ತಿರಬೇಕು. ಕೇಳಿದರೆ ಸರಿ ಅನ್ನಿಸುವ ಮಾತು. ಕಡಬದವರ ಬಿಲ್ಲೆಗಳನ್ನು ಬೇರೆ ಮಾಡಿ, ಫಾರ್ಮಲಿನ್ ಜಾಡಿಯಲ್ಲಿ ಹೆಚ್ಚು ಹೊತ್ತು ಇಟ್ಟೆವು. ಪ್ರೆಷರ್ ಇನ್ನೂ ಏರಿತು. ಇನ್ನೂ ಹೆಚ್ಚು ಹೊತ್ತು ಇಟ್ಟೆವು. ಮತ್ತೂ ಏರಿತು. ನೀರುಗಂಟಿಗೆ ಎಲ್ಲರಿಗಿಂತ ಹೆಚ್ಚು.

"ಆಪರೇಷನ್ ಮಾಡಿ ನೀರಿಗೆ ದಾರಿ ಬಿಡಿಸ್ತೀನಿ, ಬಂದು ಅಡ್ಮಿಟ್ ಆಗು" ಅಂದರು ಡಾಕ್ಟರು.

"ನೀರಿಗೆ ದಾರಿ ಬಿಡೋದು ನನ್ ಕೆಲ್ಸ ಸ್ವಾಮಿ" ಅಂತ ನಕ್ಕ ಅವನು. "ಕೊಯ್ಲು ಆಗೋ ಗಂಟ ತೂಬು ಬುಟ್ಟು ಬರಾಕಾಗಲ್ಲ. ಇಷ್ಟು ಜನದ ಬೆಳೆ ನಿಂತೈತೆ. ಬಿಲ್ಲೇನೇ ಇಕ್ಕಿ."

ಬಿಲ್ಲೆ ಇಟ್ಟೆ. ಚಿಮುಟಕ್ಕೆ ಗಟ್ಟಿಯಾಗಿಯೇ ಸಿಕ್ಕಿತು. ಅವನ ಕಣ್ಣು ಮುದುಡಿತು. "ಉಜ್ಜಬೇಡಿ ಯಜಮಾನ್ರೇ" ಅಂದೆ. "ಇಲ್ಲ ಕಣವ್ವ, ನಾನ್ಯಾಕೆ ಉಜ್ಜಲಿ" ಅಂದ. ನಿಜವೇ ಹೇಳಿದ್ದ.

ಮುಂದಿನ ಸಲ ನಾನು ಗುಬ್ಬಿಗೆ ಹೋದಾಗ ಕಡಬದಿಂದ ಬಂದವರು ಇಬ್ಬರೇ, ನೀರುಗಂಟಿ ಮತ್ತು ಅವನ ಹೆಂಡತಿ. ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಬಸ್ಸಿಳಿದ. ಹಿಂದೆ ಹಾಗೆ ಬಂದವನಲ್ಲ.

"ಉಳಿದೋರು ಎಲ್ಲಿ?" ಅಂದೆ.

"ಬರಲ್ಲ ಕಣವ್ವ. ನಾವೂ ಇಕ್ಕಿಸ್ಕಳಾಕೆ ಬಂದಿಲ್ಲ, ಹೇಳೋಗಾನ ಅಂತ ಬಂದ್ವಿ. ಈ ವಾರ ಬ್ಯಾಡ" ಅಂದ.

"ಯಾಕೆ?"

"ಅಜ್ಜಿಗೆ ಹುಷಾರಿಲ್ಲ."

"ಅಜ್ಜಿಗೆ ಹುಷಾರಿಲ್ದಿದ್ರೆ ನಿಮ್ಮ ಕಣ್ಣಿಗೇನು?"

"ತೆಗೆಯೋರು ಬ್ಯಾಡ್ವಾ?"

"ಏನು ತೆಗೆಯೋದು?"

"ಬಿಲ್ಲೇನ. ನೀನು ಇಕ್ತೀಯ, ಊರಿಗೋದ್ಮ್ಯಾಲೆ ಅಜ್ಜಿ ತೆಗೀತಾಳೆ. ಅವಳೇ ಮಲಗ್ಬುಟ್ರೆ ಸಿಪ್ಪೆ ಕಣ್ಣಾಗೇ ಕೂತ್ಕತದಲ್ಲ."

ಹೆಂಡತಿ ನನಗೆ ಬುದ್ಧಿ ಹೇಳುವವಳ ಹಾಗೆ ಅಂದಳು: "ರಸ ಒಳಕ್ಕೋದ್ಮ್ಯಾಲೆ ಸಿಪ್ಪೆ ಯಾಕವ್ವ? ಕಬ್ಬು ಅಗಿದು ಸಿಪ್ಪೇನೂ ನುಂಗ್ತಾರಾ?"

ನಮ್ಮ ಕಡೆ ಕೆಲವು ಊರುಗಳಿಗೊಬ್ಬಳು ಇಂಥ ಮುದುಕಿ ಇರುತ್ತಿದ್ದಳು. ರಾಗಿ ತೂರುವಾಗ ಕಣ್ಣಿಗೆ ಹೊಟ್ಟು ಬಿದ್ದರೆ ಅವಳ ಹತ್ತಿರ ಹೋಗುವುದು. ಅವಳು ರೆಪ್ಪೆ ಮಗುಚಿ, ನಾಲಿಗೆಯ ತುದಿಯಿಂದ ಸವರಿ ಕಸ ತೆಗೆಯುತ್ತಾಳೆ. ನಾನು ಚಿಕ್ಕವಳಿದ್ದಾಗ ಕುಣಿಗಲ್ಲಿನಲ್ಲಿ ನನ್ನ ಕಣ್ಣಿನಿಂದಲೂ ತೆಗೆಸಿದ್ದರು. ಕಡಬದಲ್ಲೂ ಒಬ್ಬಳಿದ್ದಾಳೆಯೇ ಅಂತ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಅವರಿಬ್ಬರ ಜೊತೆ ಬಸ್ಸು ಹತ್ತಿ ಕಡಬಕ್ಕೆ ಹೋದೆ. ದಾರಿಯಲ್ಲಿ ಉಳಿದದ್ದೂ ಗೊತ್ತಾಯಿತು. ಪೈಲೋಕಾರ್ಪಿನ್ ಬಿದ್ದರೆ ಕಣ್ಣಪಾಪೆ ಸಾಸಿವೆಯಷ್ಟಾಗುತ್ತದೆ. ನೋಟ ಮಬ್ಬಾಗುತ್ತದೆ, ಹುಬ್ಬು ನೋಯುತ್ತದೆ. ಇದು ಔಷಧದ ಗುಣ, ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಯಾರೋ ಒಬ್ಬ ತಾಳಲಾರದೆ ಅಜ್ಜಿಯ ಹತ್ತಿರ ಹೋಗಿ ಬಿಲ್ಲೆ ತೆಗೆಸಿದ. ಸಂಜೆಯ ಹೊತ್ತಿಗೆ ಪಾಪೆ ಬಿಚ್ಚಿಕೊಂಡು ಬೆಳಕು ಬಂತು. ಬಿಲ್ಲೆ ಇಡಿಸಿಕೊಂಡರೆ ಮಬ್ಬು, ತೆಗೆಸಿದರೆ ಬೆಳಕು. ಅಷ್ಟು ಸಾಕಾಯಿತು. ನಾವು ಗಟ್ಟಿ ಬಿಲ್ಲೆ ಕಳಿಸಿದ ಮೇಲೆ ಚುಚ್ಚುತ್ತಿತ್ತಲ್ಲ, ಇಡೀ ಗುಂಪೇ ಗುಬ್ಬಿಯಿಂದ ನೆಟ್ಟಗೆ ಅಜ್ಜಿಯ ಮನೆಗೆ ಹೋಗತೊಡಗಿತು.

ಅಜ್ಜಿ ಚಾಪೆಯ ಮೇಲೆ ಮಲಗಿದ್ದಳು. ಸೀರೆ ಬೆವರಿಗೆ ಒದ್ದೆಯಾಗಿತ್ತು. ಬಾಯಿಂದ ಜೊಲ್ಲು ನಿಲ್ಲದೆ ಇಳಿಯುತ್ತಿತ್ತು, ಪಕ್ಕದಲ್ಲಿ ಮಡಕೆ ಚೂರು ಇಟ್ಟಿದ್ದರು. ವಾಂತಿಯೂ ಆಗಿತ್ತಂತೆ. ಗಾಳಿ ಸೋಕಿದೆ ಅಂತ ತಲೆಯ ಹತ್ತಿರ ಬೇವಿನ ಸೊಪ್ಪು.

"ಬಿಲ್ಲೆ ತೆಗೆದು ಏನು ಮಾಡ್ತೀಯಜ್ಜಿ?"

"ದವಡೇಲಿಟ್ಕತೀನಿ. ಎಲ್ಲಾರ್ದೂ ಆದ್ಮ್ಯಾಲೆ ಎಲೆಅಡಿಕೆ ಜತೆ ಉಗೀತೀನಿ. ನೀನ್ಯಾರೇ?"

"ಬಿಲ್ಲೆ ಇಡೋಳು."

"ಓ, ನೀನಾ." ಉಸಿರು ತೆಗೆದುಕೊಂಡಳು. "ಏನು ಹಾಳು ಬಿಲ್ಲೇನೇ ಅದು? ಉಗುರು ಇದ್ದಂಗೈತೆ. ಅದ್ನ ಕಣ್ಣಿಗಿಕ್ಕಾಕೆ ಕೈ ಹೆಂಗ್ ಬತ್ತದೆ ನಿಂಗೆ? ಯಾವೂರೋಳು?"

"ಕುಣಿಗಲ್."

"ಅದಕ್ಕೇ. ಕುದ್ರೆಗೆ ಲಾಳ ಹೊಡ್ಯೋ ಊರು."

"ಅಜ್ಜಿ, ನಿನಗೆ ಗಾಳಿ ಸೋಕಿಲ್ಲ. ಅವರ ಕಣ್ಣಿಗೆ ಹೋಗಬೇಕಾದ ಔಷಧ ನಿನ್ನ ಹೊಟ್ಟೆಗೆ ಹೋಗೈತೆ. ಮೊನ್ನೆ ಎಷ್ಟು ಜನದ್ದು ತೆಗೆದೆ?"

"ಬಂದೋರ್ದೆಲ್ಲ ತೆಗ್ದೆ" ಅಂದಳು. ಸೆರಗಿನಿಂದ ಜೊಲ್ಲು ಒರೆಸಿಕೊಂಡಳು. ಆಮೇಲೆ, "ನನ್ ಕೈಯಾಗೆ ಒಂದು ಕಣ್ಣೂ ಕೆಟ್ಟಿಲ್ಲ ಕಣೇ" ಅಂದಳು. ನೀರುಗಂಟಿ ಬಾಗಿಲ ಹತ್ತಿರ ಗೋಡೆ ಸವರುತ್ತಾ ನಿಂತಿದ್ದ.

ತೆಂಗಿನಕಾಯಿ ಲಾರಿಯೊಂದು ತುಮಕೂರಿಗೆ ಹೊರಟಿತ್ತು. ನಾಲ್ಕೂ ಜನ ಅದರಲ್ಲಿ ಬಂದೆವು. ವಾರ್ಡು ಸೇರಿದ ಕೂಡಲೇ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಅಜ್ಜಿಗೆ ಅಟ್ರೋಪಿನ್ ಇಂಜೆಕ್ಷನ್ ಕೊಟ್ಟರು. ಜೊಲ್ಲು ನಿಂತಿತು. ಆಮೇಲೆ ನೀರುಗಂಟಿಯನ್ನು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಬಲಗಣ್ಣಿಗೆ ಟಾರ್ಚು ಹಿಡಿದರು.

"ಬೆಳಕು ಯಾವ ಕಡೆಯಿಂದ ಬರ್ತಿದೆ?"

"ಎಡಕ್ಕೆ" ಅಂದ. ಟಾರ್ಚು ಬಲಕ್ಕಿತ್ತು. ಇನ್ನೊಮ್ಮೆ ಕೇಳಿದರು. "ಮ್ಯಾಲಿಂದ" ಅಂದ. ಆಗ ಟಾರ್ಚು ಆರಿಸಿದ್ದರು.

"ಯಾವಾಗಿಂದ ಹೀಗೆ?"

"ಮೊನ್ನೆಯಿಂದ ಸ್ವಾಮಿ. ಸಿಪ್ಪೆ ಎಲ್ಲೋ ಒಳಗೆ ಉಳ್ಕಂಡೈತೆ. ಅಜ್ಜಿ ಎದ್ರೆ ತೆಗೀತಾಳೆ, ಸರೋಯ್ತದೆ."

ಡಾಕ್ಟರು ಪ್ರೆಷರ್ ನೋಡದೆಯೇ ಯಂತ್ರವನ್ನು ಪೆಟ್ಟಿಗೆಗೆ ಹಾಕಿದರು. ಕಾರಿಡಾರಿಗೆ ಬಂದ ಮೇಲೆ ನನಗೂ ಮೇಡಂಗೂ ಹೇಳಿದರು: ನರ ಸತ್ತಿದೆ, ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ. ಮೇಡಂ ಗೋಡೆಗೆ ಒರಗಿಕೊಂಡು, "ಜಾಡಿಯಲ್ಲಿ ಇನ್ನೂ ಹೆಚ್ಚು ಹೊತ್ತು ಇಡಿ ಅಂದೋಳು ನಾನೇ" ಅಂದರು.

"ಕಡಬಕ್ಕೆ ಬಿಲ್ಲೆ ನಿಲ್ಲಿಸಿ. ಹನಿಯನ್ನೇ ಕೊಟ್ಟುಬಿಡಿ" ಅಂದರು ಡಾಕ್ಟರು.

ಹನಿ ಕೊಟ್ಟರೆ ಏನಾಗುತ್ತದೆ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕಡಬದಲ್ಲಿ ಉಳಿದವರ ಕಣ್ಣು ಇನ್ನೂ ಹೋಗಿರಲಿಲ್ಲ. ಒಬ್ಬಳು ಎಳೆಮಗುವಿನ ತಾಯಿ. "ಅಜ್ಜಿ ತೆಗೆಯೋದನ್ನ ನಾವು ಬಿಡಿಸೋಕಾಗಲ್ಲ ಸಾರ್" ಅಂದೆ. "ಇಡೋದನ್ನೇ ಅವಳಿಗೆ ಕೊಡಿ. ತಾನೇ ಇಟ್ಟದ್ದನ್ನ ತಾನೇ ತೆಗೆಯಲ್ಲ. ಜನಾನೂ ತೆಗೆಸಲ್ಲ."

"ತಲೆ ನೆಟ್ಟಗಿದೆಯಾ ನಿಂಗೆ? ಎಲೆಅಡಿಕೆ ಬಾಯಿ, ಸಗಣಿ ಬಾಚೋ ಕೈ. ಒಂದು ಕಣ್ಣಿಗೆ ಕೀವು ತುಂಬಿದ್ರೆ ಯಾರು ಹೊಣೆ?"

ಅವರು ಹೇಳಿದ್ದು ತಪ್ಪಲ್ಲ. ಕಣ್ಣಿನ ವಾರ್ಡಿನಲ್ಲಿ ಕೀವು ಏನು ಮಾಡುತ್ತದೆಂದು ನಾನೂ ನೋಡಿದ್ದೆ. ಆದರೂ ಅಲ್ಲಿಂದ ಕದಲಲಿಲ್ಲ. ಮೇಡಂ ಮೆಲ್ಲಗೆ, "ಮೊದಲಿನ ಮೆತ್ತನೆ ಬಿಲ್ಲೆ, ಔಷಧ ಇಲ್ಲದ್ದು, ಕೆಲವು ಉಳಿದಿವೆ" ಅಂದರು.

ಡಾಕ್ಟರು ಇಬ್ಬರನ್ನೂ ನೋಡಿದರು. "ನಾಳೆ ಬೆಳಿಗ್ಗೆ ಅವಳು ನಿನ್ನ ಕಣ್ಣಿಗೆ ಇಡಲಿ. ನಾನು ನೋಡ್ತೀನಿ. ನಿನ್ನ ಕಣ್ಣಿಗೆ ಏನಾದ್ರೂ ಆದರೆ ನನ್ನ ಹತ್ರ ಅಳ್ತಾ ಬರಬೇಡ."

"ಈಗಾಗ್ಲೇ ಫಾರ್ಮಲಿನ್‌ಗೆ ದಿನಾ ಅಳ್ತಿದೀನಿ ಸಾರ್" ಅಂದೆ.

ಸಂಜೆ ದೀಪ ಹಾಕುವ ಹೊತ್ತಿಗೆ ಅಜ್ಜಿ ಎದ್ದು ಕೂತು ಕಾಫಿ ಕುಡಿದಳು. ಅವಳ ದನಿ ಕೇಳಿ ನೀರುಗಂಟಿ ಮಂಚಗಳನ್ನು ಸವರುತ್ತಾ ಬಂದ. "ಅಜ್ಜಿ, ಎದ್ಯಾ? ಸಿಪ್ಪೆ ಉಳ್ಕಂಡೈತೆ, ತೆಗಿಯಜ್ಜಿ" ಅಂತ ಅವಳ ಮುಂದೆ ನೆಲದ ಮೇಲೆ ಕೂತು ಮುಖ ಎತ್ತಿದ.

ಅಜ್ಜಿ ನನ್ನ ಕಡೆ ನೋಡಿದಳು. ಟಾರ್ಚು ಹಿಡಿದೆ. ಅವಳು ಮೇಲಿನ ರೆಪ್ಪೆ ಮಗುಚಿದಳು, ಕೆಳಗಿನದನ್ನು ಎಳೆದಳು, ಮೂಲೆ ನೋಡಿದಳು. ನಾಲಿಗೆ ಹಾಕಲಿಲ್ಲ. ಬಹಳ ಹೊತ್ತು ನೋಡಿದಳು.

"ಏನೂ ಇಲ್ಲ ಕಣ್ಲಾ ಇದ್ರಾಗೆ" ಅಂದಳು.

"ಸರಿಯಾಗ್ ನೋಡಜ್ಜಿ."

"ಇದ್ದಿದ್ರೆ ತೆಗೀತಿದ್ದೆ ಮಗಾ. ಏನೂ ಇಲ್ಲ."

ಅವನು ಹಾಗೇ ಮುಖ ಎತ್ತಿಕೊಂಡು ಕೂತಿದ್ದ. ಹೆಂಡತಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಮಂಚಕ್ಕೆ ಹೋದ ಮೇಲೆ ಅವನು ಕೇಳಿದ್ದು ಒಂದೇ ಮಾತು: "ತೂಬು ಯಾರು ಎತ್ತವ್ರೆ?"

ಮಾರನೇ ದಿನ ಬೆಳಿಗ್ಗೆ ಬೇಗ ವಾರ್ಡಿಗೆ ಹೋದೆ. ಅಜ್ಜಿಯ ಉಗುರು ಕತ್ತರಿಸಿದೆ. ಬಾಯಿ ಮುಕ್ಕಳಿಸಲು ಹೇಳಿದೆ, ಎಲೆಅಡಿಕೆ ಚೀಲ ಕಿತ್ತಿಟ್ಟುಕೊಂಡೆ. ಬೈದಳು. ಸೋಪು ಹಚ್ಚಿ ಮೊಣಕೈ ತನಕ ತೊಳೆಸಿದೆ, ಮತ್ತೊಮ್ಮೆ ತೊಳೆಸಿದೆ. ಮೇಡಂ ಬಿಲ್ಲೆಯ ಡಬ್ಬಿ ಹಿಡಿದು ನಿಂತರು. ಡಾಕ್ಟರು ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತರು. ನಾನು ಸ್ಟೂಲಿನ ಮೇಲೆ ಕೂತು, ನನ್ನ ಕೆಳರೆಪ್ಪೆಯನ್ನು ನಾನೇ ಎಳೆದು, "ಇಲ್ಲಿಡು" ಅಂದೆ.

ಅಜ್ಜಿ ಚಿಮುಟ ಹಿಡಿದಳು. ಕೈ ನಡುಗಲಿಲ್ಲ. ಇಟ್ಟಳು.

ಕಸ ಬಿದ್ದ ಹಾಗಾಯಿತು. ಉಜ್ಜದೆ ಕೂತೆ.